ಕಡಲ ಮೇಲಿನ ಜೀತ

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತು ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವರು. ಲಿಂಕನ್, ಸಂವಿಧಾನದ ಹದಿಮೂರನೇ ತಿದ್ದುಪಡಿ, ಅಲ್ಲಿಗೆ ಪಾಠ ಮುಗಿಯಿತು. ಆದರೆ ಆ ತಿದ್ದುಪಡಿ ಬಂದು 32 ವರ್ಷ ಕಳೆದ ಮೇಲೆ, 1897ರಲ್ಲಿ, ಅದೇ ದೇಶದ ಸುಪ್ರೀಂ ಕೋರ್ಟು ಹಡಗಿನ ಆಳುಗಳ ಕರಾರಿಗೆ ಈ ತಿದ್ದುಪಡಿ ತಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಇದನ್ನು ಯಾವ ಮೇಷ್ಟ್ರೂ ನನಗೆ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಗೆಳೆಯರೆ, ಕತೆ 1790ರಿಂದ ಶುರುವಾಗುತ್ತದೆ. ಹೊಸದಾಗಿ ಸ್ವತಂತ್ರವಾದ ಅಮೆರಿಕದ ಮೊದಲ ಶಾಸನಸಭೆ ವ್ಯಾಪಾರಿ ಹಡಗುಗಳ ನಾವಿಕರಿಗೆ ಒಂದು ಕಾನೂನು ಮಾಡಿತು. ಹಡಗು ಹತ್ತುವವನು ಕರಾರು ಪತ್ರಕ್ಕೆ ಸಹಿ ಹಾಕಬೇಕು. ಸಹಿ ಹಾಕಿ ಓಡಿಹೋದರೆ ನ್ಯಾಯಾಧಿಕಾರಿ ಅವನನ್ನು ಹಿಡಿಸಿ, ಹಡಗು ಹೊರಡುವ ತನಕ ಜೈಲಿನಲ್ಲಿಟ್ಟು, ಮತ್ತೆ ಕಪ್ತಾನನ ಕೈಗೆ ಒಪ್ಪಿಸಬೇಕು. ಮೂರು ವರ್ಷಕ್ಕೆ, 1793ರಲ್ಲಿ, ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನು ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಎರಡರ ನಡುವೆ ಎಷ್ಟು ದೂರ?

ಹಡಗಿನ ಮೇಲೆ ಚಾಟಿ ಏಟು 1850ರವರೆಗೂ ಕಾನೂನುಬದ್ಧವಾಗಿತ್ತು. ದಡಕ್ಕೆ ಬಂದರೆ ಅಲ್ಲಿ ಇನ್ನೊಂದು ಬಲೆ. ಬಂದರಿನ ವಸತಿಮನೆಯವನು ಸಾಲದ ಮೇಲೆ ಊಟ ಹಾಕಿ, ಹೆಂಡ ಕುಡಿಸಿ, ನಾವಿಕನನ್ನು ಹೊಸ ಹಡಗಿಗೆ ಹತ್ತಿಸುತ್ತಿದ್ದ. ಮುಂದೆ ದುಡಿಯಬೇಕಾದ ತಿಂಗಳುಗಳ ಸಂಬಳ ಮುಂಗಡದ ಹೆಸರಿನಲ್ಲಿ ಆ ದಲ್ಲಾಳಿಯ ಜೇಬಿಗೆ. ಇದಕ್ಕೆ ನಮ್ಮ ಕಡೆ ಏನಂತಾರೆ ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟಾದರೂ ಕಪ್ಪು ಮನುಷ್ಯನಿಗೆ ಕಡಲು ಒಂದು ಸಣ್ಣ ಕಿಟಕಿಯಾಗಿತ್ತು. ಬ್ರಿಟಿಷ್ ನೌಕಾಪಡೆಯವರು ಅಮೆರಿಕದ ನಾವಿಕರನ್ನು ಬಲವಂತವಾಗಿ ಎಳೆದೊಯ್ಯುತ್ತಿದ್ದ ಕಾರಣ 1796ರಲ್ಲಿ ಒಂದು ಕಾನೂನಾಯಿತು. 25 ಸೆಂಟು ಕೊಟ್ಟರೆ, ಇವನು ಅಮೆರಿಕದ ಪ್ರಜೆ ಎಂಬ ರಕ್ಷಣಾ ಪತ್ರ ಸುಂಕದ ಕಚೇರಿಯಲ್ಲಿ ಸಿಗುತ್ತಿತ್ತು. ಸ್ವತಂತ್ರ ಕರಿಯ ನಾವಿಕರೂ ಅದನ್ನು ಪಡೆದರು. ದಡದ ಮೇಲೆ ಅವರನ್ನು ಪ್ರಜೆ ಎನ್ನುವವರೇ ಕಡಿಮೆ. 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರಿನ ಗುಲಾಮನೊಬ್ಬ ನಾವಿಕನ ವೇಷ ಹಾಕಿ, ಗೆಳೆಯನೊಬ್ಬನಿಂದ ಅಂಥದೇ ಪತ್ರ ಎರವಲು ಪಡೆದು ರೈಲು ಹತ್ತಿದ. ಪತ್ರದಲ್ಲಿದ್ದ ಚಹರೆಗೂ ಇವನ ಚಹರೆಗೂ ತಾಳೆಯಿರಲಿಲ್ಲ. ಟಿಕೆಟ್ ನೋಡುವವನು ಮೇಲಿದ್ದ ಹದ್ದಿನ ಮುದ್ರೆ ನೋಡಿ ಮುಂದೆ ಹೋದ. ಮಾರನೆಯ ದಿನ ನ್ಯೂಯಾರ್ಕಿನಲ್ಲಿದ್ದ ಆ ಮನುಷ್ಯನೇ ಫ್ರೆಡರಿಕ್ ಡಗ್ಲಾಸ್.

ಉಳ್ಳವರಿಗೂ ಈ ಕಿಟಕಿ ಕಂಡಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ನಿನಲ್ಲಿ ಡೆನ್ಮಾರ್ಕ್ ವೆಸಿ ಎಂಬಾತ ಗುಲಾಮರ ದಂಗೆಗೆ ಸಂಚು ಹೂಡಿದನೆಂದು ಅವನನ್ನು ಗಲ್ಲಿಗೇರಿಸಿದ 1822ರಲ್ಲೇ ಆ ರಾಜ್ಯ ಒಂದು ಕಾನೂನು ತಂದಿತು. ಬಂದರಿಗೆ ಬಂದ ಹಡಗಿನಲ್ಲಿ ಸ್ವತಂತ್ರ ಕರಿಯ ನಾವಿಕನಿದ್ದರೆ ಹಡಗು ಹೊರಡುವವರೆಗೆ ಅವನು ಜೈಲಿನಲ್ಲಿರಬೇಕು. ಅವನ ಜೈಲಿನ ಖರ್ಚು ಕಪ್ತಾನ ಕೊಡದಿದ್ದರೆ ಅವನನ್ನು ಗುಲಾಮನಾಗಿ ಮಾರಬಹುದು. ಮರುವರ್ಷ ನ್ಯಾಯಮೂರ್ತಿ ವಿಲಿಯಂ ಜಾನ್ಸನ್ ಇದು ಸಂವಿಧಾನಕ್ಕೆ ವಿರುದ್ಧ ಎಂದ. ರಾಜ್ಯ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ 1897ರ ತೀರ್ಪಿಗೆ ಬರೋಣ. ಅರಾಗೊ ಎಂಬ ಹಡಗಿನ ನಾಲ್ವರು ನಾವಿಕರು 1895ರಲ್ಲಿ ಆರೆಗನ್ನಿನ ಅಸ್ಟೋರಿಯಾ ಬಂದರಿನಲ್ಲಿ ಕೆಲಸ ಬಿಟ್ಟು ಇಳಿದರು. ಅವರನ್ನು ಹಿಡಿದು ಜೈಲಿಗೆ ಹಾಕಿ, ಆಮೇಲೆ ಬಲವಂತವಾಗಿ ಹಡಗಿಗೆ ಹತ್ತಿಸಿದರು. ನಾವು ದುಡಿಯೋದಿಲ್ಲ ಅಂದದ್ದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮತ್ತೆ ಬಂಧನ. ಇದು ಜೀತವಲ್ಲವೇ ಎಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಕೇಳಿದರು. ನ್ಯಾಯಮೂರ್ತಿ ಹೆನ್ರಿ ಬ್ರೌನ್ ಅಲ್ಲ ಎಂದು ಬರೆದ. ನಾವಿಕರಿಗೆ ಬೆಳೆದ ಮನುಷ್ಯರ ಪೂರ್ತಿ ವಿವೇಕವಿಲ್ಲ, ಮಕ್ಕಳಿಗೆ ತಂದೆತಾಯಿ ಇದ್ದಂತೆ ಅವರಿಗೆ ಕಾನೂನು ಎಂಬುದು ಆತನ ವಾದ. ಇದೇ ಬ್ರೌನ್ ಹಿಂದಿನ ವರ್ಷ, 1896ರಲ್ಲಿ, ಕರಿಯರಿಗೆ ಬೇರೆ ರೈಲು ಡಬ್ಬಿ ಇಟ್ಟರೆ ತಪ್ಪಿಲ್ಲವೆಂದು ಪ್ಲೆಸಿ ಮೊಕದ್ದಮೆಯ ತೀರ್ಪು ಬರೆದವನು. ಎರಡು ಸಲವೂ ಒಬ್ಬಂಟಿಯಾಗಿ ವಿರೋಧಿಸಿದವನು ಜಾನ್ ಹಾರ್ಲನ್. ಕರಿಯನನ್ನು ಬೇರೆ ಡಬ್ಬಿಗೆ ತಳ್ಳಿದ ಕೈಯೇ ಬಿಳಿಯ ಖಲಾಸಿಯನ್ನು ಹಡಗಿಗೆ ಕಟ್ಟಿತು. ಬಿಳಿ ಖಲಾಸಿಗೆ ಇದು ಅರ್ಥವಾಯಿತೆ?

ಆಂಡ್ರೂ ಫ್ಯುರುಸೆಥ್ ಎಂಬವನ ಬದುಕೇ ಇದಕ್ಕೆ ಉತ್ತರ. ನಾರ್ವೆಯ ಬಡ ಮನೆಯಲ್ಲಿ 1854ರಲ್ಲಿ ಹುಟ್ಟಿ, ಹಡಗಿನಲ್ಲಿ ದುಡಿದು, ಪೆಸಿಫಿಕ್ ತೀರದ ನಾವಿಕರ ಸಂಘ ಕಟ್ಟಿ ಬೆಳೆಸಿದವರಲ್ಲಿ ಒಬ್ಬ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ವಾಷಿಂಗ್ಟನ್ನಿನಲ್ಲಿ ವರ್ಷಗಟ್ಟಲೆ ಒಂದೇ ಬೇಡಿಕೆ ಹಿಡಿದು ಕೂತ. 1898ರಲ್ಲಿ ಅರ್ಧ ಗೆಲುವು ಸಿಕ್ಕಿತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಲೋಕ ಹಡಗಿನ ಕಡೆ ತಿರುಗಿ ನೋಡಿತು. ಸೆನೆಟರ್ ಲಾ ಫಾಲೆಟ್ ಬೆಂಬಲಕ್ಕೆ ನಿಂತ. 1915ರ ಮಾರ್ಚ್ 4ರಂದು ಅಧ್ಯಕ್ಷ ವಿಲ್ಸನ್ ನಾವಿಕರ ಕಾನೂನಿಗೆ ಸಹಿ ಹಾಕಿದ. ಕೆಲಸ ಬಿಟ್ಟವನಿಗೆ ಇನ್ನು ಜೈಲಿಲ್ಲ. ಬಂದರಿನಲ್ಲಿ ಅರ್ಧ ಸಂಬಳ ಕೇಳುವ ಹಕ್ಕು ಬಂತು. ಅಮೆರಿಕದ ಬಂದರಿಗೆ ಬಂದ ಪರದೇಶದ ನಾವಿಕನಿಗೂ ಇದು ಸಲ್ಲುತ್ತಿತ್ತು.

ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಸಾಲಿತ್ತು: ಹಡಗಿನ ಪ್ರತಿ ವಿಭಾಗದಲ್ಲೂ ನೂರಕ್ಕೆ 75 ಜನರಿಗೆ ಅಧಿಕಾರಿಗಳ ಆಜ್ಞೆ ಅರ್ಥವಾಗಬೇಕು. ಮುಳುಗುವ ಹಡಗಿನಲ್ಲಿ ಮಾತು ಅರ್ಥವಾಗಬೇಕು, ನಿಜ. ಆದರೆ ಆ ಸಾಲಿನ ಗುರಿ ಕಡಿಮೆ ಕೂಲಿಗೆ ದುಡಿಯುತ್ತಿದ್ದ ಚೀನೀ ನಾವಿಕರು. ಫ್ಯುರುಸೆಥ್‌ನ ಸಂಘ ಏಷ್ಯದವರಿಗೆ ಬಾಗಿಲು ಮುಚ್ಚಿತ್ತು. ಕಡಲು ಬಿಳಿಯರ ಕೈಯಲ್ಲೇ ಉಳಿಯಬೇಕು ಅಂತ ಅವನು ಬಾಯಿಬಿಟ್ಟು ಹೇಳಿದವನು. ತನ್ನ ಕಾಲಿನ ಸಂಕೋಲೆ ಕಡಿಯಲು ಜೀವ ತೇದವನು, ಅದೇ ಸಂಕೋಲೆಯಲ್ಲಿದ್ದ ಇನ್ನೊಬ್ಬನನ್ನು ಹಡಗಿನಿಂದಲೇ ಇಳಿಸಲು ನೋಡಿದ. ಕೂಲಿ ಇಳಿಸಿದ್ದು ಮಾಲೀಕ. ಸಿಟ್ಟು ಇಳಿದದ್ದು ಚೀನೀಯನ ಮೇಲೆ.

ಆದರೂ ಕಾನೂನು ಬರೆದವನ ಮನಸ್ಸಿನಂತೆಯೇ ಅದು ನಡೆಯಲಿಲ್ಲ. ಬ್ರಿಟಿಷ್ ಹಡಗುಗಳ ತಳದಲ್ಲಿ ಬೆಂಕಿಯ ಮುಂದೆ ಕಲ್ಲಿದ್ದಲು ತುಂಬುತ್ತಿದ್ದ ಬಂಗಾಳದ ಲಸ್ಕರರು ನ್ಯೂಯಾರ್ಕಿನಂಥ ಬಂದರುಗಳಲ್ಲಿ ಇಳಿದು ಊರೊಳಗೆ ಸೇರಿಕೊಂಡರು. ಕೆಲವರು ಅಲ್ಲೇ ಕರಿಯರ, ಪೋರ್ಟೊರಿಕೊದವರ ಮನೆಗಳಿಗೆ ಅಳಿಯಂದಿರಾದರು.

ಮಾಲೀಕರೂ ಸುಮ್ಮನಿರಲಿಲ್ಲ. 1936ರ ಕಾನೂನು ಹಡಗು ಕಟ್ಟಲು, ಓಡಿಸಲು ಅವರಿಗೆ ಸರ್ಕಾರದ ದುಡ್ಡು ಕೊಟ್ಟಿತು. ಸಾಲದ್ದಕ್ಕೆ 1920ರ ದಶಕದಿಂದ ಪನಾಮದ, 1948ರ ನಂತರ ಲೈಬೀರಿಯಾದ ಬಾವುಟ ಏರಿಸಿ ತಮ್ಮ ದೇಶದ ಕೂಲಿ ಕಾನೂನಿನಿಂದ ಅವರು ತಪ್ಪಿಸಿಕೊಂಡರು. ಆಳು ಹಡಗು ಬಿಟ್ಟು ಓಡಿದರೆ ಅಪರಾಧ, ಒಡೆಯ ಹಡಗು ಸಮೇತ ಓಡಿದರೆ ವ್ಯಾಪಾರ!

ಕೊನೆಗೆ ಒಬ್ಬನ ಹೆಸರು ಹೇಳಬೇಕು. ಹ್ಯೂ ಮುಲ್ಜಾಕ್, ಕೆರಿಬಿಯನ್ನಿನ ಯೂನಿಯನ್ ದ್ವೀಪದ ಕರಿಯ. ಕಪ್ತಾನನ ಲೈಸೆನ್ಸು ಪಡೆದೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವನಿಗೆ ಸಿಕ್ಕಿದ್ದು ಹಡಗಿನ ಅಡುಗೆಮನೆ. ಯುದ್ಧ ಬಂದಾಗ ಬರೀ ಕರಿಯರೇ ಇರುವ ಹಡಗು ಕೊಡುತ್ತೇವೆ ಅಂದರು. ಬೇಡ ಅಂದ. ಎಲ್ಲ ಬಣ್ಣದವರೂ ಒಟ್ಟಿಗೆ ದುಡಿಯುವ ಹಡಗಾದರೆ ಮಾತ್ರ ಎಂದ. 1942ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಎಂಬ ಹಡಗಿಗೆ ತನ್ನ ಷರತ್ತಿನ ಮೇಲೇ ಕಪ್ತಾನನಾದ. ಯುದ್ಧ ಮುಗಿದ ಮೇಲೆ, ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ, ಅವನನ್ನು ಕಪ್ಪುಪಟ್ಟಿಗೆ ಸೇರಿಸಿದರು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಬೋರ್ಡಿನ ಮೇಲೆ 1865 ಅಂತ ಬರೆದಾಗ ಅದರ ಕೆಳಗೆ 1897 ಬರೆಯಿರಿ, 1915 ಬರೆಯಿರಿ. ಫ್ಯುರುಸೆಥ್‌ನ ಹೋರಾಟ ಹೇಳಿ, ಅವನು ಮುಚ್ಚಿದ ಬಾಗಿಲನ್ನೂ ಹೇಳಿ. ಆಮೇಲೆ, ಸಿಕ್ಕ ಹಡಗನ್ನು ಬೇಡ ಅಂದ ಮುಲ್ಜಾಕ್‌ನನ್ನು ಹೇಳಿ. ಬಿಡುಗಡೆ ಅಂದರೆ ಏನು ಅಂತ ಮಕ್ಕಳೇ ಹೇಳುತ್ತಾರೆ.