ಮನೆ ಮಾರಿದವರ ಪುಸ್ತಕ ಯಾರದು?

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಡೋಲೆ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ ಹೊರಬಂತು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿ ‘ಹಿತಚಿಂತಕ’ವನ್ನು ಹಾಕಿದರು. 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಮನೆ ಹೋಯಿತು, ಪುಸ್ತಕ ಉಳಿಯಿತು. ಅಂಥವರ ಮಕ್ಕಳು ಮೊಮ್ಮಕ್ಕಳಿಗೆ ಆ ಪುಸ್ತಕದ ಮೇಲೆ ಹಕ್ಕಿರಬೇಡವೇ ಎಂದರೆ ತಟ್ಟನೆ ಬೇಡವೆನ್ನಲು ಬಾಯಿ ಬಾರದು.

ಕಾಯಿದೆಯ ಲೆಕ್ಕ ವಿಚಿತ್ರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆ ಲೇಖಕ ತೀರಿದ ಮೇಲೆ 50 ವರ್ಷ ಎಂದಿತ್ತು. ಹಳಕಟ್ಟಿಯವರು ತೀರಿದ್ದು 1964ರಲ್ಲಿ. ಆ ಪ್ರಕಾರ 2014ರ ಕೊನೆಗೆ ಅವರ ಬರಹ ಎಲ್ಲರದಾಗಬೇಕಿತ್ತು. ಆದರೆ ರವೀಂದ್ರನಾಥ ಠಾಕೂರರ ಕೃತಿಗಳು ವಿಶ್ವಭಾರತಿಯ ಕೈತಪ್ಪುತ್ತವೆಂಬ ಕೂಗೆದ್ದು 1992ರಲ್ಲಿ ಅವಧಿ 60ಕ್ಕೇರಿತು. ಶಾಂತಿನಿಕೇತನದ ಚಿಂತೆ ವಿಜಾಪುರಕ್ಕೂ ಹತ್ತು ವರ್ಷ ಕೂಡಿಸಿತು! ಹೀಗಾಗಿ ಆ ಬೀಗ ತೆರೆದದ್ದು 2025ರ ಜನವರಿ 1ರಂದು.

ಬೀಗವಿದ್ದದ್ದಾದರೂ ಯಾವುದಕ್ಕೆ? ಹನ್ನೆರಡನೆಯ ಶತಮಾನದ ವಚನಗಳಿಗೆ ವಾರಸುದಾರರಿಲ್ಲ. ಹಳಕಟ್ಟಿಯವರದೆಂದರೆ ಪ್ರಸ್ತಾವನೆ, ಜೋಡಣೆ, ವಿವರಣೆ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಧೂಲಾಸಾಹೇಬರೂ ಇದ್ದರು. ಬೀಸುವ ಕಲ್ಲಿನ ಮುಂದೆ ಆ ಹಾಡು ಕಟ್ಟಿದ ತಾಯಂದಿರ ಮೊಮ್ಮಕ್ಕಳಿಗೆ ಯಾವ ಕಾಯಿದೆ ಏನು ಕೊಟ್ಟಿತು? ಕಾಗದಕ್ಕಿಳಿಸಿದವನಿಗೆ ಹಕ್ಕು, ಹಾಡಿದವಳಿಗೆ ಬರಿಗೈ.

ನಮ್ಮಲ್ಲಿ ವಕ್ಫ್ ಆಸ್ತಿಗೆ ಮುತವಲ್ಲಿ ಇರುತ್ತಾನೆ. ಅವನು ನೋಡಿಕೊಳ್ಳುವವನು, ಮಾಲಿಕನಲ್ಲ. ತನ್ನ ಶ್ರಮಕ್ಕೆ ಕೂಲಿ ಪಡೆಯಬಹುದು, ಬಾವಿಗೆ ಮುಚ್ಚಳ ಹಾಕಲಾರ. ಲೇಖಕನ ಮಡದಿ, ಓದುವ ಮಕ್ಕಳಿಗೆ ಗೌರವಧನ ಬರಲಿ, ಬರಲೇಬೇಕು. ಕನ್ನಡದ ಎಷ್ಟೋ ಲೇಖಕರು ಬಿಟ್ಟುಹೋದದ್ದು ಅಷ್ಟೇ. ಆದರೆ ಮೂರನೆಯ ತಲೆಮಾರು ಅಚ್ಚನ್ನೇ ತಡೆಯುವ ಅಧಿಕಾರ ನನಗೆ ಒಪ್ಪಿಗೆಯಿಲ್ಲ. ಮರುಮುದ್ರಣ ನಿರಾಕರಿಸಿ ಕೃತಿಯನ್ನು ಜನರಿಂದ ದೂರವಿಟ್ಟರೆ ಕಡ್ಡಾಯ ಪರವಾನಗಿ ಪಡೆಯಲು 31ನೆಯ ಕಲಮು ದಾರಿ ಕೊಡುತ್ತದೆ, ನಿಜ. ಸಣ್ಣ ಪ್ರಕಾಶಕ ಅದಕ್ಕಾಗಿ ಕೋರ್ಟು ಹತ್ತುವನೇ? ತಮಿಳುನಾಡಿನವರು ಬೇರೆ ದಾರಿ ಹಿಡಿದರು: ಸುಬ್ರಹ್ಮಣ್ಯ ಭಾರತಿಯವರ ಹಕ್ಕನ್ನು ಸರಕಾರವೇ ಕೊಂಡು ಜನರಿಗೆ ಬಿಟ್ಟಿತು. ಮುಂದೆಯೂ ಹಲವು ಲೇಖಕರ ಕುಟುಂಬಗಳಿಗೆ ಹಣ ಕೊಟ್ಟು ಕೃತಿಗಳನ್ನು ಬಿಡಿಸಿಕೊಂಡಿತು. ಕುಟುಂಬಕ್ಕೂ ನಷ್ಟವಿಲ್ಲ, ಓದುಗನಿಗೂ ಇಲ್ಲ.

ಈಗ ತಿಕೋಟಾದ ಯಾವುದೋ ಶಾಲೆ ಹಳಕಟ್ಟಿಯವರ ಒಂದು ಲೇಖನವನ್ನು ಅಚ್ಚುಹಾಕಿ ಮಕ್ಕಳಿಗೆ ಹಂಚಬೇಕೆಂದರೆ ಯಾರ ಸಹಿಯೂ ಬೇಡ. ‘ಶಿವಾನುಭವ’ದಲ್ಲಿ ಬೇರೆಯವರು ಬರೆದದ್ದಾದರೆ ಆ ಲೇಖಕ ತೀರಿದ ವರ್ಷವನ್ನು ಮೊದಲು ಹುಡುಕಬೇಕು.