ಹಿತ್ತಾಳೆಯ ವಾದ್ಯಮೇಳವೂ ಅದರ ಕೃತಿಸಂಪತ್ತೂ

ವಾದ್ಯವೊಂದಕ್ಕೆ ನಾದವಿದ್ದರೆ ಸಾಲದು; ನುಡಿಸಲು ಕೃತಿಗಳೂ ಬೇಕು. ಪಿಟೀಲಿಗೂ ಪಿಯಾನೋವಿಗೂ ಯೂರೋಪಿನ ಮಹಾ ರಚನಕಾರರು ತಲೆಮಾರುಗಳ ಕಾಲ ಕೃತಿಗಳನ್ನು ಬರೆದಿತ್ತರು. ಹಿತ್ತಾಳೆಯ ವಾದ್ಯಗಳಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಯುದ್ಧದಲ್ಲಿ, ಬೇಟೆಯಲ್ಲಿ, ಅರಮನೆಯ ಉತ್ಸವಗಳಲ್ಲಿ ಅವು ಮೊಳಗಿದುವು. ದೊಡ್ಡ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ತಮ್ಮ ಸರದಿಗಾಗಿ ಕಾದು ಕುಳಿತುವು. ಇಂತಹ ವಾದ್ಯಗಳಿಂದಲೇ ಸ್ವತಂತ್ರ ಮೇಳವೊಂದನ್ನು ಕಟ್ಟಿ 35 ವರ್ಷ ನಡೆಸಿದ ಇಂಗ್ಲೆಂಡಿನ ಫಿಲಿಪ್ ಜೋನ್ಸ್ ಅವರ ಸಾಹಸವನ್ನು ನಾವಿಲ್ಲಿ ಪರಿಶೀಲಿಸೋಣ.

ಈ ಕೊರತೆಗೆ ಒಂದು ಕಾರಣ ವಾದ್ಯದ ರಚನೆಯಲ್ಲಿಯೇ ಇತ್ತು. ಹಳೆಯ ಟ್ರಂಪೆಟ್ಟು ನಮ್ಮ ಕಹಳೆಯಂತೆ ಬರಿಯ ಕೊಳವೆ. ತುಟಿಯ ಬಿಗಿತವನ್ನು ಬದಲಿಸಿ ಅದರಿಂದ ಕೆಲವೇ ಸ್ವರಗಳನ್ನು ಹೊರಡಿಸಬಹುದಾಗಿತ್ತು. ಕೆಳಗಿನ ಸ್ಥಾಯಿಯಲ್ಲಿ ಸಪ್ತಸ್ವರಗಳು ಕ್ರಮವಾಗಿ ದೊರೆಯುತ್ತಿರಲಿಲ್ಲ. ಕೊಳವೆಯನ್ನು ಜಾರಿಸಿ ನುಡಿಸುವ ಟ್ರಾಂಬೋನಿಗೆ ಮಾತ್ರ ಈ ಬಂಧನವಿರಲಿಲ್ಲ. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಜರ್ಮನರು ಕವಾಟದ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಅದು ಬಳಕೆಗೆ ಬಂದ ಬಳಿಕ ಎಲ್ಲ ಸ್ವರಗಳೂ ಸಾಧ್ಯವಾದುವು. ಆದರೆ ಬಾಖ್, ಹೈಡನ್, ಮೊಜಾರ್ಟ್ ಆ ವೇಳೆಗಾಗಲೇ ಗತಿಸಿದ್ದರು.

1928ರಲ್ಲಿ ಬಾತ್ ನಗರದಲ್ಲಿ ಹುಟ್ಟಿದ ಜೋನ್ಸ್, 1951ರಲ್ಲಿ ತಮ್ಮ ಹೆಸರಿನ ಮೇಳವನ್ನು ಸ್ಥಾಪಿಸಿದರು. ಲಂಡನ್ನಿನ ಪ್ರಸಿದ್ಧ ವಾದ್ಯವೃಂದಗಳಲ್ಲಿ ಟ್ರಂಪೆಟ್ ನುಡಿಸುತ್ತಲೇ ಅವರು ಇದನ್ನೂ ಬೆಳೆಸಿದರು. ಮೇಳವು ಕೆಲವೊಮ್ಮೆ ಐವರದು. ಕೆಲವೊಮ್ಮೆ ನಾಲ್ಕು ಟ್ರಂಪೆಟ್, ಒಂದು ಹಾರ್ನ್, ನಾಲ್ಕು ಟ್ರಾಂಬೋನ್, ಒಂದು ಟ್ಯೂಬಾ ಸೇರಿ ಹತ್ತು ಮಂದಿಯದು. ನುಡಿಸುವುದಾದರೂ ಏನನ್ನು? ಈ ಪ್ರಶ್ನೆಗೆ ಅವರು ಮೂರು ದಾರಿಗಳಲ್ಲಿ ಉತ್ತರವನ್ನು ಅರಸಿದರು.

ಮೊದಲನೆಯದು ಹಳೆಯ ನಿಧಿಯ ಶೋಧ. ವೆನಿಸ್ಸಿನ ಸಂತ ಮಾರ್ಕನ ದೇವಾಲಯದಲ್ಲಿ ವಾದಕರನ್ನು ಬೇರೆ ಬೇರೆ ತಂಡಗಳಾಗಿ ನಿಲ್ಲಿಸಿ, ಪ್ರಶ್ನೋತ್ತರದಂತೆ ನುಡಿಸುವ ಪದ್ಧತಿಯಿತ್ತು. ಅಲ್ಲಿಯ ಜೊವಾನಿ ಗಾಬ್ರಿಯೇಲಿ 1597ರಲ್ಲಿ ಪ್ರಕಟಿಸಿದ ಸಂಗ್ರಹದ ಒಂದು ಕೃತಿಯಲ್ಲಿ ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ನುಡಿಸಬೇಕೆಂಬುದನ್ನು ಸ್ವರಲಿಪಿಯಲ್ಲಿಯೇ ಸೂಚಿಸಿದ್ದನು. ಹಿತ್ತಾಳೆಗೆ ಗರ್ಜನೆಯೊಂದೇ ಗೊತ್ತೆಂಬ ಮಾತಿಗೆ ಅಂದೇ ಉತ್ತರ ದೊರೆತಿತ್ತೆನ್ನಬಹುದು.

ಎರಡನೆಯದು ರೂಪಾಂತರ. ರಷ್ಯದ ಮುಸೋರ್ಗ್‌ಸ್ಕಿ ಗತಿಸಿದ ಗೆಳೆಯನ ಚಿತ್ರಪ್ರದರ್ಶನವನ್ನು ನೆನೆದು 1874ರಲ್ಲಿ ಪಿಯಾನೋ ಕೃತಿಯೊಂದನ್ನು ರಚಿಸಿದನು. 1922ರಲ್ಲಿ ಫ್ರಾನ್ಸಿನ ರಾವೆಲ್ ಅದನ್ನು ಪೂರ್ಣ ವಾದ್ಯವೃಂದಕ್ಕೆ ಅಳವಡಿಸಿದನು. ಮುಂದೆ ಜೋನ್ಸರ ಸಹವಾದಕ ಎಲ್ಗರ್ ಹೌವರ್ತ್ ಹಿತ್ತಾಳೆಯ ಮೇಳಕ್ಕೆ ತಂದರು. ಇದು ಸುಲಭದ ಕೆಲಸವಲ್ಲ. ಪಿಯಾನೋವಿನ ಸ್ವರ ಹೊಡೆದೊಡನೆ ಕ್ಷೀಣಿಸತೊಡಗುತ್ತದೆ. ಊದುವ ಸ್ವರ ನಿಲ್ಲುತ್ತದೆ, ಬೆಳೆಯುತ್ತದೆ. ಆದರೆ ಊದುವವನಿಗೆ ಉಸಿರು ಬೇಕು, ತುಟಿಗೆ ವಿರಾಮ ಬೇಕು. ಆದುದರಿಂದ ದೀರ್ಘವಾದ ರಾಗಧಾರೆಯನ್ನು ಅನೇಕರು ಹಂಚಿಕೊಂಡು, ಬೆಸುಗೆ ಕಾಣದಂತೆ ನುಡಿಸಬೇಕಾಗುತ್ತದೆ. ಒಳ್ಳೆಯ ಅನುವಾದದಂತೆ ಇದೂ ಮೂಲವನ್ನು ಬಲ್ಲವನಿಂದಲೇ ಆಗತಕ್ಕ ಕಾರ್ಯ.

ಮೂರನೆಯದು ಹೊಸ ಕೃತಿಗಳ ಸೃಷ್ಟಿ. ಈ ಮೇಳಕ್ಕಾಗಿಯೇ ಜಪಾನಿನ ತಕೆಮಿತ್ಸು 1974ರಲ್ಲಿ, ಇಂಗ್ಲೆಂಡಿನ ಮಾಲ್ಕಮ್ ಆರ್ನಲ್ಡ್ 1978ರಲ್ಲಿ, ಪೋಲೆಂಡಿನ ಲುಟೊಸ್ಲಾವ್‌ಸ್ಕಿ 1982ರಲ್ಲಿ ಕೃತಿಗಳನ್ನು ರಚಿಸಿದರು. ತಕೆಮಿತ್ಸುವಿನ ಕೃತಿಯಲ್ಲಿ ಮೌನಕ್ಕೂ ನಾದದಷ್ಟೇ ಬೆಲೆಯಿದೆ. ಗಾಬ್ರಿಯೇಲಿಯ ಗಾಂಭೀರ್ಯವನ್ನು ಅಲ್ಲಿಗೆ ಒಯ್ದರೆ ಕೃತಿ ಕೆಡುತ್ತದೆ. ವೈವಿಧ್ಯವೆಂದರೆ ಹಲವು ಬಗೆಯ ಕೃತಿಗಳನ್ನು ಒಂದೇ ಬಗೆಯಲ್ಲಿ ನುಡಿಸುವುದಲ್ಲ. ಒಂದೊಂದರ ಮುಂದೆಯೂ ಹೊಸದಾಗಿ ವಿದ್ಯಾರ್ಥಿಯಾಗಿ ನಿಲ್ಲುವುದು.

1986ರಲ್ಲಿ ಜೋನ್ಸರು ನಿವೃತ್ತರಾದರು; ಅವರ ಸಂಗಡಿಗರು ಲಂಡನ್ ಬ್ರಾಸ್ ಎಂಬ ಹೆಸರಿನಲ್ಲಿ ಕೆಲಸವನ್ನು ಮುಂದುವರಿಸಿದರು. 2000ದಲ್ಲಿ ಜೋನ್ಸರು ತೀರಿಕೊಂಡರು. ಆ ಮೇಳ ಇಂದಿಲ್ಲ. ಅದಕ್ಕಾಗಿ ಬರೆದ ಸ್ವರಲಿಪಿಗಳು ಉಳಿದಿವೆ. ಹಳೆಯದನ್ನು ಹುಡುಕುವುದು, ನೆರೆಯದನ್ನು ತನ್ನದಾಗಿಸಿಕೊಳ್ಳುವುದು, ಹೊಸದನ್ನು ಬರೆಯಿಸುವುದು, ಈ ಮೂರೂ ಕೂಡಿದರೆ ಬಡತನದಿಂದ ಹೊರಟ ಕಲೆಗೂ ಒಂದು ಪರಂಪರೆ ಬೆಳೆದೀತೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.