ಜೇನಿನ ಮದ್ಯ ‘ಮೀಡ್’: ಮನೆಯಲ್ಲಿ ಮಾಡುವವರನ್ನು ತಿದ್ದುವ ಸ್ವಯಂಸೇವಕರು ಯಾರು? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

“ಜೇನುತುಪ್ಪಕ್ಕೆ ನೀರು ಬೆರೆಸಿ ಒಂದು ತಿಂಗಳು ಮುಚ್ಚಿಡಿ, ಔಷಧಿ ಸಿದ್ಧ” ಎಂಬ ಧಾಟಿಯ ಸಂದೇಶಗಳು ಆಗಾಗ ಮೊಬೈಲ್‌ಗೆ ಬರುತ್ತವೆ. ಹಾಗೆ ಮುಚ್ಚಿಟ್ಟಾಗ ತಯಾರಾಗುವುದು ಔಷಧಿಯಲ್ಲ, ಮದ್ಯ. ಇಂಗ್ಲಿಷಿನಲ್ಲಿ ಇದಕ್ಕೆ ‘ಮೀಡ್’ ಎಂಬ ಹೆಸರಿದೆ. ಅಮೆರಿಕದಲ್ಲಿ ಇದನ್ನು ಮನೆಯಲ್ಲೇ ಮಾಡುವ ಹವ್ಯಾಸಿಗಳ ದೊಡ್ಡ ಬಳಗವಿದೆ. ಆ ಬಳಗವನ್ನು ನಡೆಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರು ಹೊಸಬರಿಗೆ ಏನು ಕಲಿಸುತ್ತಾರೆ ಎಂದು ತಿಳಿದರೆ, ನಮ್ಮ ಫೋನಿಗೆ ಬರುವ ಎಷ್ಟೋ ಸಂದೇಶಗಳ ಬಣ್ಣ ಬಯಲಾಗುತ್ತದೆ.

ಮೀಡ್ ಎಂದರೇನು?

ಜೇನುತುಪ್ಪ, ನೀರು ಮತ್ತು ಯೀಸ್ಟ್ ಸೇರಿ ಹುದುಗಿದಾಗ ಸಿಗುವ ಮದ್ಯವೇ ಮೀಡ್. ಜೇನುತುಪ್ಪದಲ್ಲಿ ಸುಮಾರು ಶೇ. 80ರಷ್ಟು ಸಕ್ಕರೆ ಮತ್ತು ಶೇ. 17–18ರಷ್ಟು ನೀರು ಇರುತ್ತದೆ. ಇಷ್ಟು ಗಟ್ಟಿಯಾದ ಸಕ್ಕರೆಯಲ್ಲಿ ಯೀಸ್ಟ್ ಬೆಳೆಯಲಾರದು. ಜೇನು ವರ್ಷಗಟ್ಟಲೆ ಕೆಡದೆ ಉಳಿಯಲು ಇದು ಮುಖ್ಯ ಕಾರಣ. ನೀರು ಸೇರಿಸಿದ ಕೂಡಲೇ ಈ ರಕ್ಷಣೆ ಹೋಗುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಹೊರಬಿಡುತ್ತದೆ.

‘ಮೀಡ್’ ಪದವೂ ಸಂಸ್ಕೃತದ ‘ಮಧು’ವೂ ಒಂದೇ ಪ್ರಾಚೀನ ಮೂಲದಿಂದ ಬಂದವು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇದು ನಿಜವಾದ ನಂಟು. ಆದರೆ “ಮದುವೆಯಾದ ಜೋಡಿ ಒಂದು ತಿಂಗಳು ಮೀಡ್ ಕುಡಿಯುತ್ತಿದ್ದುದರಿಂದ ಹನಿಮೂನ್ ಎಂಬ ಪದ ಬಂತು” ಎಂಬ ಕಥೆಗೆ ಆಧಾರವಿಲ್ಲ. 16ನೇ ಶತಮಾನದ ಇಂಗ್ಲಿಷ್ ಬಳಕೆಯಲ್ಲಿ ಅದರ ಅರ್ಥ, ಮೊದಲಿಗೆ ಜೇನಿನಂತೆ ಸಿಹಿಯಾಗಿದ್ದು ಚಂದ್ರನಂತೆ ಕ್ಷೀಣಿಸುವ ಪ್ರೀತಿ ಎಂದು.

ಸ್ವಯಂಸೇವಕರ ವ್ಯವಸ್ಥೆ ಹೇಗಿದೆ?

ಅಮೆರಿಕದ ಫೆಡರಲ್ ಕಾನೂನಿನಲ್ಲಿ ಮೀಡ್ ವೈನ್‌ನ ಗುಂಪಿಗೆ ಸೇರುತ್ತದೆ. ಮನೆ ಬಳಕೆಗೆ ಬಿಯರ್ ತಯಾರಿಸಲು ಫೆಡರಲ್ ಅನುಮತಿ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್ (ಸುಮಾರು 378 ಲೀಟರ್), ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿ. ಮಾರುವಂತಿಲ್ಲ. ರಾಜ್ಯಗಳ ಕಾನೂನು ಬೇರೆ: ಮನೆಯಲ್ಲಿ ಬಿಯರ್ ಮಾಡಲು ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಷ್ಟೇ. ಬಟ್ಟಿ ಇಳಿಸುವುದಕ್ಕೆ ಈ ಅನುಮತಿ ಅನ್ವಯಿಸುವುದಿಲ್ಲ.

1978ರಲ್ಲೇ ಕೊಲೊರಾಡೊದ ಬೌಲ್ಡರ್‌ನಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಅವರ ಸಂಗಡಿಗರು ‘ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್’ ಆರಂಭಿಸಿದರು. ಬಿಯರ್ ಮತ್ತು ಮೀಡ್ ಎರಡನ್ನೂ ಮನೆಯಲ್ಲಿ ಮಾಡುವವರು ಇದರಲ್ಲಿದ್ದಾರೆ. ಸದಸ್ಯರೇ ಮತ ಹಾಕಿ ಆರಿಸಿದ, ಸಂಬಳವಿಲ್ಲದ ಸಮಿತಿಯೊಂದು ದೀರ್ಘಕಾಲ ಇದಕ್ಕೆ ದಿಕ್ಕು ತೋರಿಸಿದೆ. ಆಗಸ್ಟ್ ತಿಂಗಳ ಮೊದಲ ಶನಿವಾರವನ್ನು ಹವ್ಯಾಸಿಗಳು ‘ಮೀಡ್ ದಿನ’ವಾಗಿ ಆಚರಿಸುತ್ತಾರೆ.

ಎರಡನೆಯ ಕೊಂಡಿ ತೀರ್ಪುಗಾರರು. 1985ರಲ್ಲಿ ಶುರುವಾದ ‘ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ’ ಮೀಡ್ ತೀರ್ಪುಗಾರರಿಗಾಗಿಯೇ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಪಾಸಾದವರು ಸ್ಪರ್ಧೆಗಳಲ್ಲಿ ಪ್ರತಿ ಮೀಡ್‌ಗೆ 50ಕ್ಕೆ ಅಂಕ ಕೊಡುತ್ತಾರೆ: ಪರಿಮಳಕ್ಕೆ 10, ನೋಟಕ್ಕೆ 6, ರುಚಿಗೆ 24, ಒಟ್ಟಾರೆ ಅನುಭವಕ್ಕೆ 10. ಅಂಕದ ಜೊತೆಗೆ ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಮುಂದಿನ ಸಲ ಹೇಗೆ ಸರಿಪಡಿಸಬೇಕು ಎಂದು ಬರೆದು ಕೊಡುವುದು ಅವರ ಕೆಲಸ.

ಮಿಶಿಗನ್‌ನ ಕೆನ್ ಶ್ರಾಮ್ ಈ ಪರಂಪರೆಗೆ ಒಳ್ಳೆಯ ಉದಾಹರಣೆ. ಮೀಡ್‌ಗೆಂದೇ ಮೀಸಲಾದ ‘ಮೇಜರ್ ಕಪ್’ ಸ್ಪರ್ಧೆಯನ್ನು ಹುಟ್ಟುಹಾಕಿದವರಲ್ಲಿ ಅವರೂ ಒಬ್ಬರು. ಅವರ ‘ದಿ ಕಂಪ್ಲೀಟ್ ಮೀಡ್‌ಮೇಕರ್’ ಪುಸ್ತಕ 2003ರಲ್ಲಿ ಬಂತು. ಹವ್ಯಾಸಿಗಳು ಇಂದಿಗೂ ಅದನ್ನು ಕೈಪಿಡಿಯಂತೆ ಬಳಸುತ್ತಾರೆ.

ಅವರು ತಿದ್ದುವ ತಪ್ಪು ನಂಬಿಕೆಗಳು

ನಂಬಿಕೆ 1: ಜೇನುನೀರನ್ನು ಚೆನ್ನಾಗಿ ಕುದಿಸಲೇಬೇಕು.
ಹಳೆಯ ಪಾಕವಿಧಾನಗಳು ಹೀಗೆ ಹೇಳುತ್ತಿದ್ದವು. ಕುದಿಸಿದರೆ ಜೇನಿನ ನವಿರಾದ ಪರಿಮಳ ಹಬೆಯ ಜೊತೆ ಹೋಗುತ್ತದೆ. ಈಗ ಅನುಭವಿಗಳು ಒತ್ತು ಕೊಡುವುದು ಪಾತ್ರೆ, ಕೊಳವೆ, ಬಾಟಲಿಗಳನ್ನು ಮೊದಲು ತೊಳೆದು, ಆಮೇಲೆ ಸೋಂಕುನಿವಾರಕದಿಂದ ಶುದ್ಧ ಮಾಡುವುದಕ್ಕೆ.

ನಂಬಿಕೆ 2: ಮೀಡ್ ಕುಡಿಯುವಂತಾಗಲು ವರ್ಷಗಟ್ಟಲೆ ಕಾಯಲೇಬೇಕು.
ದ್ರಾಕ್ಷಿ ರಸದಲ್ಲಿ ಯೀಸ್ಟ್‌ಗೆ ಬೇಕಾದ ಸಾರಜನಕ ಸಾಕಷ್ಟಿರುತ್ತದೆ. ಜೇನಿನಲ್ಲಿ ಅದು ತೀರಾ ಕಡಿಮೆ. ಹೊಟ್ಟೆಗಿಲ್ಲದ ಯೀಸ್ಟ್ ಕುಂಟುತ್ತಾ ಕೆಲಸ ಮಾಡುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆ ಬಿಡುತ್ತದೆ. ಮೊದಲ ಕೆಲವು ದಿನ ಯೀಸ್ಟ್‌ನ ಪೋಷಕಾಂಶಗಳನ್ನು ಕಂತುಕಂತಾಗಿ ಹಾಕುವ ಪದ್ಧತಿ ಹರಡಿದ ಮೇಲೆ ಈ ಕಾಯುವಿಕೆ ಬಹಳಷ್ಟು ತಗ್ಗಿತು.

ನಂಬಿಕೆ 3: ಬಾಟಲಿಯ ಬಾಯಿ ಬಿಗಿಯಾಗಿ ಮುಚ್ಚಿದರೆ ಕೆಡುವುದಿಲ್ಲ.
ಇದು ಅಪಾಯಕಾರಿ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯಿಂದ ಚೆಲ್ಲುವುದನ್ನು ನೋಡಿದ್ದೀರಲ್ಲ, ಇಲ್ಲಿಯೂ ಅಂಥದ್ದೇ ಅನಿಲ ಹುಟ್ಟುತ್ತದೆ. ಒಂದು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಕಾಲು ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಒಂದು ಲೀಟರ್ ಬಾಟಲಿಯಲ್ಲಿ ನಾಲ್ಕು ಟೀ ಚಮಚದಷ್ಟು, ಅಂದರೆ 20 ಗ್ರಾಂ ಸಕ್ಕರೆ ಉಳಿದು ಹುದುಗಿದರೂ ಸುಮಾರು 5 ಲೀಟರ್ ಅನಿಲ! ಸಿಹಿ ಮೀಡ್‌ನಲ್ಲಿ ಇದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಸಾಧಾರಣ ಗಾಜಿನ ಬಾಟಲಿ ಈ ಒತ್ತಡಕ್ಕೆ ಸಿಡಿಯಬಹುದು, ಚೂರುಗಳು ಕಣ್ಣು ಕಳೆಯಬಹುದು. ಅದಕ್ಕೇ ಹುದುಗುವಾಗ ಅನಿಲ ಹೊರಹೋಗುವಂತೆ ಏರ್‌ಲಾಕ್ ಬಳಸಬೇಕು, ಗುಳ್ಳೆ ನಿಂತಿತೆಂದು ನಂಬದೆ ಹೈಡ್ರೋಮೀಟರ್‌ನಿಂದ ಅಳೆಯಬೇಕು ಎಂಬುದು ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು.

ನಂಬಿಕೆ 4: ಮನೆಯ ಮೀಡ್ ಕುಡಿದರೆ ಕಣ್ಣು ಹೋಗುತ್ತದೆ.
ಕಣ್ಣು ಕಳೆಯುವುದು ಮೆಥನಾಲ್. ಹುದುಗುವಾಗ ಅದು ಹುಟ್ಟುವುದು ಮುಖ್ಯವಾಗಿ ಹಣ್ಣುಗಳ ಪೆಕ್ಟಿನ್‌ನಿಂದ, ಅದೂ ಅಲ್ಪ ಪ್ರಮಾಣದಲ್ಲಿ. ಜೇನಿನಲ್ಲಿ ಪೆಕ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬರೀ ಹುದುಗಿಸಿದ, ಬಟ್ಟಿ ಇಳಿಸದ ಮೀಡ್‌ನಲ್ಲಿ ಈ ಭಯಕ್ಕೆ ಆಧಾರವಿಲ್ಲ. ನಮ್ಮಲ್ಲಿ ನಡೆದ ಕಳ್ಳಭಟ್ಟಿ ದುರಂತಗಳ ಕಥೆ ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರಲ್ಲಿ ಕರ್ನಾಟಕ–ತಮಿಳುನಾಡು ಗಡಿ ಭಾಗದಲ್ಲಿ 100ಕ್ಕೂ ಹೆಚ್ಚು ಜನ ವಿಷ ಮದ್ಯಕ್ಕೆ ಬಲಿಯಾದರು. ಇಂಥ ಸಾವುಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ದುಡ್ಡಿನಾಸೆಗೆ ಬೆರೆಸುವ ಕೈಗಾರಿಕಾ ಮೆಥನಾಲ್. ಅಂಥದ್ದು ಕುಡಿದವರಿಗೆ ದೃಷ್ಟಿ ಮಂಜಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನಂಬಿಕೆ 5: ಜೇನಿನದ್ದು ತಾನೇ, ಅಮಲು ಕಡಿಮೆ, ಆರೋಗ್ಯಕ್ಕೂ ಒಳ್ಳೆಯದು.
ಎರಡೂ ತಪ್ಪು. ಬಿಯರ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 5ರ ಆಸುಪಾಸು. ತೀರ್ಪುಗಾರರ ವರ್ಗೀಕರಣದಲ್ಲಿ ಸಾಧಾರಣ ಮೀಡ್ ಎಂದರೆ ಶೇ. 7.5ರಿಂದ 14, ಕಡು ಮೀಡ್ ಎಂದರೆ ಶೇ. 14ರಿಂದ 18. ಆಲ್ಕೋಹಾಲ್ ಎಲ್ಲಿಂದ ಬಂದರೂ ಯಕೃತ್ತಿಗೆ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು 2023ರಲ್ಲಿ ಆ ಸಂಸ್ಥೆ ಹೇಳಿದೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹುದುಗಿಸದ ಬರೀ ಜೇನನ್ನೂ ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬೀಜಾಣುಗಳಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ಕರ್ನಾಟಕದಲ್ಲಿ ಮಾಡಬಹುದೇ?

ಅಮೆರಿಕದ ವಿಡಿಯೋ ನೋಡಿ ಇಲ್ಲಿ ಕೈ ಹಾಕಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. “ನಮ್ಮ ಮನೆಗೆ ಮಾತ್ರ” ಎನ್ನುವ ಸಮಜಾಯಿಷಿಯೊಂದೇ ಸಾಲದು. ಪರವಾನಗಿ ಪಡೆದು ಮೀಡ್ ತಯಾರಿಸುವ ಉದ್ಯಮ ಪುಣೆಯಲ್ಲಿದೆ, ಅದು ಬೇರೆ ಮಾತು. ವಿದೇಶದಲ್ಲಿರುವ ಕನ್ನಡಿಗರು ತಾವಿರುವ ದೇಶ, ರಾಜ್ಯದ ಕಾನೂನು ನೋಡಿಕೊಳ್ಳಬೇಕು.

ಫಾರ್ವರ್ಡ್ ಮಾಡುವ ಮುನ್ನ

ಈ ಸ್ವಯಂಸೇವಕರ ಮಾತಿಗೆ ಬೆಲೆ ಬಂದಿದ್ದು ಅವರು ದೊಡ್ಡ ಪಂಡಿತರೆಂದಲ್ಲ. ಅವರು ಪರೀಕ್ಷೆ ಬರೆದಿರುತ್ತಾರೆ, ಅಳತೆ ಕೇಳುತ್ತಾರೆ, ಕಾರಣ ಹೇಳುತ್ತಾರೆ. ತಪ್ಪಿದರೆ ಅದೇ ಕ್ಲಬ್ಬಿನವರು ಮುಂದಿನ ಸಭೆಯಲ್ಲಿ ಪ್ರಶ್ನೆ ಮಾಡುತ್ತಾರೆ. ಹೆಸರಿಲ್ಲದ ಫಾರ್ವರ್ಡ್‌ಗೆ ಇದ್ಯಾವುದೂ ಇಲ್ಲ. ಬಾಟಲಿ ಸಿಡಿದ ಮೇಲೆ ಅದನ್ನು ಬರೆದವರನ್ನು ಎಲ್ಲಿ ಹುಡುಕುತ್ತೀರಿ?

ಆದ್ದರಿಂದ ತಿನ್ನುವ, ಕುಡಿಯುವ, ಔಷಧಿ ಎನ್ನುವ ಯಾವ ಸಂದೇಶ ಬಂದರೂ ಮೂರು ಪ್ರಶ್ನೆ ಕೇಳಿ: ಹೇಳಿದವರು ಯಾರು? ಅಳತೆ ಮತ್ತು ಕಾರಣ ಕೊಟ್ಟಿದ್ದಾರೆಯೇ? ತಪ್ಪಾದರೆ ಯಾರಿಗೆ ಅಪಾಯ? ಮೂರಕ್ಕೂ ಉತ್ತರ ಸಿಗದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.